ಅನಿಮೇಷನ್ ವಿದ್ಯಾರ್ಥಿಯ ನಾಲ್ಕು ವರ್ಷ: ಪುಟಿಯುವ ಚೆಂಡಿನಿಂದ ಡಿಪ್ಲೊಮಾ ಚಿತ್ರದವರೆಗೆ

ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆಯ ಮೇಲೆ ಒಂದರ ಹಿಂದೊಂದು ಬರುವ 24 ಸ್ಥಿರಚಿತ್ರ. ಒಂದು ನಿಮಿಷಕ್ಕೆ 1440. ಒಂದೊಂದು ರೇಖಾಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ, ಅಂದರೆ ಸ್ಟುಡಿಯೋ ಭಾಷೆಯಲ್ಲಿ 'ಟೂಸ್'ನಲ್ಲಿ ಕೆಲಸ ಮಾಡಿದರೂ, ಕೈಯಿಂದ ಬಿಡಿಸುವ ಒಂದು ನಿಮಿಷದ ಚಿತ್ರಕ್ಕೆ 720 ರೇಖಾಚಿತ್ರಗಳು ಬೇಕಾಗುತ್ತವೆ. ಅನಿಮೇಷನ್ ಡಿಸೈನ್ ಓದಲು ಹೊರಟವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮೊದಲ ಲೆಕ್ಕ ಇದು. ವಿದ್ಯಾರ್ಥಿಗಳ ಚಿತ್ರಗಳು ಅರ್ಧಕ್ಕೆ ನಿಲ್ಲುವುದು ಪ್ರತಿಭೆ ಸಾಲದೆ ಅಲ್ಲ. ಆರಂಭಿಸುವ ಮುನ್ನ ಎಣಿಸದೇ ಇರುವುದರಿಂದ. ಪಿಯುಸಿ ಮುಗಿಸಿ ಈ ಕ್ಷೇತ್ರಕ್ಕೆ ಬರಬೇಕೆಂದಿರುವವರಿಗೂ ಈಗಾಗಲೇ ಕೋರ್ಸಿನಲ್ಲಿರುವವರಿಗೂ ಅಭ್ಯಾಸ ಯಾವ ಕ್ರಮದಲ್ಲಿ ಸಾಗಬೇಕು, ಪ್ರಾಜೆಕ್ಟುಗಳನ್ನು ಹೇಗೆ ಅಳತೆ ಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಸಂಸ್ಥೆಯನ್ನು ಆಯ್ದುಕೊಳ್ಳುವ ಮುನ್ನ

ಆರು ತಿಂಗಳ ಸಾಫ್ಟ್‌ವೇರ್ ಕೋರ್ಸ್ ಬೇರೆ, ನಾಲ್ಕು ವರ್ಷದ ಡಿಸೈನ್ ಪದವಿ ಬೇರೆ. ಮೊದಲನೆಯದು ಉಪಕರಣವನ್ನು ಕಲಿಸುತ್ತದೆ. ಎರಡನೆಯದು ನೋಡುವುದನ್ನು, ಯೋಚಿಸುವುದನ್ನು ಮತ್ತು ಒಂದು ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ಹೊಣೆ ಹೊತ್ತು ಮುಗಿಸುವುದನ್ನು ಕಲಿಸಬೇಕು. ಅಹಮದಾಬಾದಿನಲ್ಲಿ 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅನಿಮೇಷನ್ ಫಿಲ್ಮ್ ಡಿಸೈನ್ ನಾಲ್ಕು ವರ್ಷದ ಬಿ.ಡೆಸ್ (ಬ್ಯಾಚುಲರ್ ಆಫ್ ಡಿಸೈನ್) ಪದವಿಯ ಒಂದು ವಿಭಾಗವಾಗಿದೆ; ಅಲ್ಲಿಗೆ ಪ್ರಿಲಿಮ್ಸ್ ಮತ್ತು ಮೇನ್ಸ್ ಎಂಬ ಎರಡು ಹಂತಗಳ ಪ್ರವೇಶ ಪರೀಕ್ಷೆ ಇರುತ್ತದೆ. ಪದವಿ ಮುಗಿಸಿದವರಿಗೆ ಐಐಟಿ ಬಾಂಬೆಯ ಐಡಿಸಿ ವಿನ್ಯಾಸ ಶಾಲೆಯಲ್ಲಿ ಅನಿಮೇಷನ್‌ನಲ್ಲಿ ಎಂ.ಡೆಸ್ ಮಾಡುವ ಅವಕಾಶವಿದ್ದು, ಅದಕ್ಕೆ 'ಸೀಡ್' (CEED) ಪ್ರವೇಶ ಪರೀಕ್ಷೆ ಬರೆಯಬೇಕು. ಬೆಂಗಳೂರಿನಲ್ಲಿ ಸೃಷ್ಟಿಯಂಥ ವಿನ್ಯಾಸ ಶಾಲೆಗಳೂ ಅನಿಮೇಷನ್ ಕಲಿಸುವ ಹಲವು ಖಾಸಗಿ ಕಾಲೇಜುಗಳೂ ಇವೆ.

ಶುಲ್ಕ ಕಟ್ಟುವ ಮುನ್ನ ಯಾವುದೇ ಕಾಲೇಜಿನಲ್ಲಿ ಮೂರು ವಿಷಯಗಳನ್ನು ಕೇಳಿ ತಿಳಿದುಕೊಳ್ಳಿ. ಮೊದಲ ವರ್ಷದಲ್ಲಿ ಜೀವಂತ ಮಾಡೆಲ್‌ಗಳನ್ನು ನೋಡಿ ರೇಖಾಚಿತ್ರ ಮಾಡುವ ತರಗತಿ ವಾರಕ್ಕೆ ಎಷ್ಟು ಗಂಟೆ ಇದೆ? ಕಳೆದ ವರ್ಷದ ಅಂತಿಮ ಚಿತ್ರಗಳನ್ನು ಆಯ್ದ ತುಣುಕುಗಳಾಗಿ ಅಲ್ಲದೆ ಇಡಿಯಾಗಿ ತೋರಿಸುತ್ತಾರೆಯೇ? ಕಲಿಸುವವರಲ್ಲಿ ಸ್ವತಃ ಚಿತ್ರ ಮಾಡಿದವರು ಯಾರು? ಮೂರನೆಯ ಪ್ರಶ್ನೆಗೆ ನಾನು ಹೆಚ್ಚು ತೂಕ ಕೊಡುತ್ತೇನೆ, ಏಕೆಂದರೆ ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದೂ ಕೈಯಿಂದ ಕೈಗೇ. ಡಿಸ್ನಿ ಸ್ಟುಡಿಯೋದಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಕೇಂದ್ರ ಸರ್ಕಾರದ ಚಿತ್ರ ನಿರ್ಮಾಣ ಸಂಸ್ಥೆಯಾಗಿದ್ದ ಮುಂಬೈನ ಫಿಲ್ಮ್ಸ್ ಡಿವಿಷನ್‌ಗೆ ಬಂದು ಅಲ್ಲಿನ ಯುವ ಕಲಾವಿದರಿಗೆ ತರಬೇತಿ ಕೊಟ್ಟರು. ಅವರ ಬಳಿ ಕಲಿತ ರಾಮ್ ಮೋಹನ್ ಮುಂದಿನ ತಲೆಮಾರುಗಳಿಗೆ ಗುರುವಾದರು. ರೇಖೆಯ ತಪ್ಪನ್ನು ಪಕ್ಕದಲ್ಲಿ ಕುಳಿತು ತೋರಿಸುವ ಒಬ್ಬ ಅನುಭವಿ ಇದ್ದರೆ, ಸಜ್ಜಿತ ಪ್ರಯೋಗಾಲಯ ಇಲ್ಲದಿದ್ದರೂ ನಡೆಯುತ್ತದೆ.

ಪ್ರವೇಶ ಪರೀಕ್ಷೆಗೆ ತಯಾರಾಗುವವರು ನೆರಳು-ಬೆಳಕು ತೀಡಿದ ಸುಂದರ ಚಿತ್ರಗಳಿಗಾಗಿ ತಿಂಗಳುಗಟ್ಟಲೆ ಕಳೆಯುವುದು ಬೇಡ. ಪರೀಕ್ಷಕರು ನೋಡುವುದು ನಿಮ್ಮ ಗಮನವನ್ನು. ಅಡುಗೆಮನೆಯ ಅಟ್ಟದ ಮೇಲೆ ಕುಳಿತ ಬೆಕ್ಕಿಗೆ ಕೆಳಗಿನ ಒಲೆ, ಪಾತ್ರೆ, ಅಜ್ಜಿಯ ನಡುನೆತ್ತಿ ಹೇಗೆ ಕಾಣುತ್ತವೆ ಎಂಬುದನ್ನು ನೆನಪಿನಿಂದ ಬಿಡಿಸಿ. ಹಲಸಿನ ಹಣ್ಣು ಬಿಡಿಸುವ ಕೆಲಸವನ್ನು ಒಂದೂ ಪದ ಬರೆಯದೆ ಆರು ಚೌಕಗಳಲ್ಲಿ ಅರ್ಥಮಾಡಿಸಿ. ದಿನಕ್ಕೆ ಇಂಥ ಒಂದೊಂದು ಅಭ್ಯಾಸ ಮಾಡಿದರೆ ಮೂರು ತಿಂಗಳಲ್ಲಿ ನಿಮಗೇ ವ್ಯತ್ಯಾಸ ಕಾಣುತ್ತದೆ.

ಮೊದಲ ಹಂತ: ಭಾರವನ್ನು ನೋಡುವ ಅಭ್ಯಾಸ

ಮೊದಲ ವರ್ಷದಲ್ಲಿ ಸ್ಕೆಚ್ ಪುಸ್ತಕ ಕೈಬಿಡಬಾರದು ಎಂದು ಎಲ್ಲರೂ ಹೇಳುತ್ತಾರೆ. ಏನನ್ನು ಬಿಡಿಸಬೇಕು ಎಂಬುದನ್ನು ಹೇಳುವವರು ಕಡಿಮೆ. ಅನಿಮೇಷನ್ ವಿದ್ಯಾರ್ಥಿಗೆ ಬೇಕಾದದ್ದು ಮುಖದ ಹೋಲಿಕೆಗಿಂತ ಮೊದಲು ದೇಹದ ಭಾರ. ದೇಹದ ಭಂಗಿಯನ್ನು ಸರಸರನೆ ಹಿಡಿಯುವ ಮೂವತ್ತು ಸೆಕೆಂಡಿನ ಗೆಸ್ಚರ್ ಚಿತ್ರಗಳನ್ನು ದಿನಕ್ಕೆ ಇಪ್ಪತ್ತು ಬಿಡಿಸಿ, ನಂತರ ಎರಡು ನಿಮಿಷದವನ್ನು ಐದು. ಪ್ರತಿ ಚಿತ್ರದಲ್ಲೂ ಭಾರ ಯಾವ ಕಾಲಿನ ಮೇಲಿದೆ ಎಂಬುದು ನೋಡಿದ ಕೂಡಲೇ ತಿಳಿಯಬೇಕು.

ಕೆ.ಆರ್. ಮಾರುಕಟ್ಟೆಯಲ್ಲಾಗಲಿ ನಿಮ್ಮೂರಿನ ಸಂತೆಯಲ್ಲಾಗಲಿ ಈರುಳ್ಳಿ ಮೂಟೆ ಹೊರುವ ಹಮಾಲಿಯೊಬ್ಬರನ್ನು ಅರ್ಧ ಗಂಟೆ ಗಮನಿಸಿ. ಮೂಟೆಗೆ ಕೈ ಹಾಕುವ ಮುನ್ನ ಅವರ ಪಾದಗಳು ಅಗಲವಾಗುತ್ತವೆ, ಮಂಡಿ ಬಾಗುತ್ತದೆ, ಉಸಿರು ಒಮ್ಮೆ ಒಳಗೆ ನಿಲ್ಲುತ್ತದೆ. ಮೂಟೆ ಬೆನ್ನಿಗೆ ಬಿದ್ದ ಕ್ಷಣದಲ್ಲಿ ದೇಹವೆಲ್ಲ ಒಂದಿಷ್ಟು ಕುಸಿದು ಮತ್ತೆ ಏಳುತ್ತದೆ. ಕುತ್ತಿಗೆ ಮುಂದಕ್ಕೆ ಚಾಚುತ್ತದೆ. ಮೊದಲ ಎರಡು ಹೆಜ್ಜೆಗಳು ಚಿಕ್ಕವಾಗಿದ್ದು, ಮೂರನೆಯದರಿಂದ ನಡಿಗೆಗೆ ಒಂದು ಲಯ ಬರುತ್ತದೆ. ಡಿಸ್ನಿಯ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ 1981ರಲ್ಲಿ ಬರೆದಿಟ್ಟ ಅನಿಮೇಷನ್‌ನ 12 ತತ್ತ್ವಗಳಲ್ಲಿ ಮೂರನ್ನಾದರೂ ಈ ಒಂದು ಕ್ರಿಯೆಯಲ್ಲಿ ಕಾಣಬಹುದು: ಪೂರ್ವಸಿದ್ಧತೆಯ ಚಲನೆ, ಕುಗ್ಗುವಿಕೆ ಮತ್ತು ಹಿಗ್ಗುವಿಕೆ, ನಿಧಾನವಾಗಿ ಆರಂಭವಾಗಿ ವೇಗ ಪಡೆಯುವ ಗತಿ. ತತ್ತ್ವಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು ಈ ದೃಶ್ಯವನ್ನು, ಚಲನೆಯ ಮುಖ್ಯ ಘಟ್ಟಗಳನ್ನಷ್ಟೇ ತೋರಿಸುವ ಎಂಟು ಕೀ ಡ್ರಾಯಿಂಗ್‌ಗಳಲ್ಲಿ ಹಿಡಿಯಲು ಪ್ರಯತ್ನಿಸಿ. ಬಿಡಿಸುವ ಮೊದಲು ಅವರ ಒಪ್ಪಿಗೆ ಕೇಳುವುದನ್ನೂ, ಬಿಡಿಸಿದ್ದನ್ನು ಅವರಿಗೆ ತೋರಿಸುವುದನ್ನೂ ಮರೆಯಬೇಡಿ.

ಎರಡನೆಯ ಹಂತ: ಚೆಂಡು

ಪುಟಿಯುವ ಚೆಂಡು ಜಗತ್ತಿನ ಬಹುತೇಕ ಅನಿಮೇಷನ್ ಶಾಲೆಗಳ ಮೊದಲ ಪಾಠ. ಒಂದು ಮಧ್ಯಾಹ್ನದಲ್ಲಿ ಮುಗಿಸಿ ಮುಂದೆ ಹೋಗುವವರೇ ಹೆಚ್ಚು, ಆದರೆ ಇದಕ್ಕೆ ಒಂದು ವಾರ ಕೊಡುವುದು ಒಳ್ಳೆಯದು. ಟೈಮಿಂಗ್ ಮತ್ತು ಸ್ಪೇಸಿಂಗ್ ಎಂಬ ಎರಡು ಬೇರೆ ಬೇರೆ ವಿಷಯಗಳು ಇಲ್ಲಿಯಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ತಿಳಿಯುವುದಿಲ್ಲ. ಒಂದು ಚಲನೆ ಎಷ್ಟು ಫ್ರೇಮ್‌ಗಳಲ್ಲಿ ಮುಗಿಯುತ್ತದೆ ಎಂಬುದು ಟೈಮಿಂಗ್. ಆ ಫ್ರೇಮ್‌ಗಳ ನಡುವೆ ದೂರವನ್ನು ಹೇಗೆ ಹಂಚಿದ್ದೀರಿ ಎಂಬುದು ಸ್ಪೇಸಿಂಗ್.

ಮನೆಯ ಗೋಡೆಯ ಮೇಲೆ ನೆಲದಿಂದ 120 ಸೆಂಟಿಮೀಟರ್ ಎತ್ತರದವರೆಗೆ ಪ್ರತಿ 10 ಸೆಂಟಿಮೀಟರಿಗೆ ಒಂದರಂತೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮೊಬೈಲನ್ನು ಸ್ಟೂಲಿನ ಮೇಲೆ ಅಲುಗದಂತೆ ನಿಲ್ಲಿಸಿ, ಮೇಲಿನ ಗೆರೆಯಿಂದ ರಬ್ಬರ್ ಚೆಂಡನ್ನು ಬಿಟ್ಟು ವಿಡಿಯೊ ಮಾಡಿ. ಚೆಂಡು ನೆಲ ಮುಟ್ಟಲು ಹೆಚ್ಚುಕಡಿಮೆ ಅರ್ಧ ಸೆಕೆಂಡ್ ಬೇಕು. ಅಂದರೆ 24 ಫ್ರೇಮಿನ ಲೆಕ್ಕದಲ್ಲಿ 12 ಫ್ರೇಮ್, ಮೊಬೈಲ್ 30 ಫ್ರೇಮಿನಲ್ಲಿ ಚಿತ್ರೀಕರಿಸಿದ್ದರೆ 15. ಟೂಸ್‌ನಲ್ಲಿ ಬಿಡಿಸುವಾಗ ಈ ಇಳಿತವು ಆರು ಹಂತಗಳಲ್ಲಿ ಮುಗಿಯಬೇಕು. ಆ ಆರು ಹಂತಗಳ ನಡುವಿನ ದೂರವು 1, 3, 5, 7, 9, 11 ಎಂಬ ಬೆಸಸಂಖ್ಯೆಗಳ ಅನುಪಾತದಲ್ಲಿ ಬೆಳೆಯುತ್ತದೆ. ಒಟ್ಟು 36 ಭಾಗಗಳಾದ್ದರಿಂದ ಮೊದಲ ಹಂತದಲ್ಲಿ ಚೆಂಡು ಸುಮಾರು 3 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ, ಕೊನೆಯ ಹಂತದಲ್ಲಿ ಸುಮಾರು 37. ದೂರವನ್ನು ಸಮನಾಗಿ, ಪ್ರತಿ ಹಂತಕ್ಕೆ 20 ಸೆಂಟಿಮೀಟರಿನಂತೆ ಹಂಚಿದರೆ ಟೈಮಿಂಗ್ ಅದೇ ಇದ್ದರೂ ಚೆಂಡು ಬೀಳುವುದಿಲ್ಲ. ದಾರಕ್ಕೆ ಕಟ್ಟಿ ಕೆಳಗಿಳಿಸಿದಂತೆ ಕಾಣುತ್ತದೆ.

ಪುಟಿದು ಮೇಲೇಳುವಾಗ ಇನ್ನೊಂದು ತಪ್ಪು ಸಾಮಾನ್ಯ. ಚೆಂಡು ಅರ್ಧ ಎತ್ತರಕ್ಕೆ ಮಾತ್ರ ಪುಟಿದರೆ ಅದಕ್ಕೆ ಅರ್ಧ ಕಾಲ, ಅಂದರೆ ಆರು ಫ್ರೇಮ್ ಸಾಕು ಎಂದು ಅನೇಕರು ತಿಳಿಯುತ್ತಾರೆ. ಕಾಲವು ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ ಅಲ್ಲಿ ಎಂಟೂವರೆ ಫ್ರೇಮ್‌ಗಳಷ್ಟು ಬೇಕಾಗುತ್ತದೆ. ಕಣ್ಣಿಗೆ ಈ ಗಣಿತ ಗೊತ್ತಿಲ್ಲದಿದ್ದರೂ ತಪ್ಪು ತಕ್ಷಣ ಗೊತ್ತಾಗುತ್ತದೆ. ಅಳತೆ ಸರಿಬಂದ ಮೇಲೆ ಅದನ್ನು ಬೇಕೆಂದೇ ಮುರಿಯಿರಿ: ಅದೇ ಗಾತ್ರದ ವೃತ್ತವನ್ನು ಬಲೂನಿನಂತೆ, ಕಬ್ಬಿಣದ ಗುಂಡಿನಂತೆ, ನೀರು ತುಂಬಿದ ಚೀಲದಂತೆ ಬೀಳಿಸಿ. ಬಣ್ಣವಾಗಲಿ ವಿವರವಾಗಲಿ ಇಲ್ಲದ ಬರೀ ವೃತ್ತವನ್ನು ನೋಡಿ ಗೆಳೆಯರು ವಸ್ತು ಯಾವುದೆಂದು ಹೇಳಿದರೆ ಈ ಪಾಠ ಮುಗಿಯಿತು.

ಮೂರನೆಯ ಹಂತ: ನಡಿಗೆ

ನೆಲ ಮುಟ್ಟಿದ ಹಿಮ್ಮಡಿ, ಭಾರ ಹೊತ್ತು ತಗ್ಗಿದ ಮಂಡಿ, ಒಂದು ಕಾಲು ಇನ್ನೊಂದನ್ನು ದಾಟುವ ಗಳಿಗೆ, ದೇಹ ಮೇಲೇಳುವ ಗಳಿಗೆ: ನಡಿಗೆಯ ಈ ನಾಲ್ಕು ಕೀ ಭಂಗಿಗಳನ್ನು ಎಲ್ಲ ತರಗತಿಗಳಲ್ಲೂ ಕಲಿಸುತ್ತಾರೆ. ಸಾಮಾನ್ಯ ನಡಿಗೆಯಲ್ಲಿ ಒಂದು ಹೆಜ್ಜೆಗೆ 12 ಫ್ರೇಮ್ ಎಂದಿಟ್ಟುಕೊಂಡು ಎರಡು ಹೆಜ್ಜೆಯ 24 ಫ್ರೇಮಿನ ಆವರ್ತವನ್ನು ಮೊದಲು ಮಾಡಿ. ನಂತರ ವ್ಯಕ್ತಿಯನ್ನು ತನ್ನಿ. ತಲೆಯ ಮೇಲೆ ತುಂಬಿದ ಕೊಡ ಹೊತ್ತ ಹೆಂಗಸಿನ ನಡಿಗೆಯಲ್ಲಿ ತಲೆ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸಾಗುತ್ತದೆ. ಏರಿಳಿತವೆಲ್ಲ ಸೊಂಟ ಮತ್ತು ಮಂಡಿಗಳಲ್ಲಿ ಕರಗಿಹೋಗುತ್ತದೆ. ಪಠ್ಯದ ನಡಿಗೆಯನ್ನೇ ನಕಲು ಮಾಡಿ ತಲೆಯ ಮೇಲೊಂದು ಕೊಡ ಇಟ್ಟರೆ ನೀರು ಚೆಲ್ಲುವುದು ಖಂಡಿತ. ಕರಾವಳಿಯಲ್ಲಿರುವವರು ಯಕ್ಷಗಾನದ ಒಂದು ಪ್ರವೇಶ ಕುಣಿತವನ್ನು ಚೆಂಡೆಯ ಪೆಟ್ಟುಗಳ ಲೆಕ್ಕದೊಂದಿಗೆ ಎಕ್ಸ್‌ಪೋಷರ್ ಶೀಟಿನಲ್ಲಿ (ಯಾವ ಫ್ರೇಮಿಗೆ ಯಾವ ಚಿತ್ರ ಎಂದು ಬರೆಯುವ ಹಾಳೆ) ಗುರುತಿಸಿಕೊಂಡು ಅನಿಮೇಟ್ ಮಾಡಬಹುದು. ತಾಳಕ್ಕೆ ಫ್ರೇಮ್ ಹೊಂದಿಸುವುದಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ನನಗೆ ಕಂಡಿಲ್ಲ.

ನಾಲ್ಕನೆಯ ಹಂತ: ಪಾತ್ರಕ್ಕೆ ಕನ್ನಡದ ತುಟಿ

ಲಿಪ್ ಸಿಂಕ್, ಅಂದರೆ ಮಾತಿಗೆ ತುಟಿ ಹೊಂದಿಸುವುದನ್ನು, ಕಲಿಯಲು ಕೈಗೆ ಸಿಗುವ ಬಾಯಿಯ ನಕ್ಷೆಗಳೆಲ್ಲ ಹೆಚ್ಚಾಗಿ ಇಂಗ್ಲಿಷಿಗಾಗಿ ಮಾಡಿದವು. ಅವನ್ನು ಹಾಗೆಯೇ ಬಳಸಿದರೆ ಕನ್ನಡ ಮಾತಾಡುವ ಪಾತ್ರ ಡಬ್ಬಿಂಗ್ ಮಾಡಿಸಿಕೊಂಡಂತೆ ಕಾಣುತ್ತದೆ. ಕನ್ನಡಕ್ಕೆ ನಿಮ್ಮದೇ ನಕ್ಷೆಯನ್ನು ಸಿದ್ಧಪಡಿಸಿಕೊಳ್ಳಿ. ಏಳು ಬಾಯಿಗಳು ಸಾಕು. ಪ, ಬ, ಮಗಳಿಗೆ ಮುಚ್ಚಿದ ತುಟಿ. ಆಕಾರಕ್ಕೆ ಪೂರ್ತಿ ತೆರೆದ ಬಾಯಿ. ಅಕಾರಕ್ಕೆ ಮತ್ತು ಹೆಚ್ಚಿನ ವ್ಯಂಜನಗಳಿಗೆ ಅರೆತೆರೆದ ಬಾಯಿ. ಇ, ಈ, ಎ, ಏಗಳಿಗೆ ಅಡ್ಡಕ್ಕೆ ಹಿಗ್ಗಿದ ಬಾಯಿ. ಉ, ಊಗಳಿಗೆ ಚಿಕ್ಕ ವೃತ್ತ. ಒ, ಓಗಳಿಗೆ ದೊಡ್ಡ ವೃತ್ತ. ವಕಾರಕ್ಕೆ, ಹಾಗೆಯೇ 'ಫೋನು', 'ಫೀಸು' ಮುಂತಾದ ಮಾತುಗಳಿಗೆ, ಕೆಳತುಟಿ ಮೇಲಿನ ಹಲ್ಲಿಗೆ ತಾಗುವ ಬಾಯಿ. ಟ, ಡ, ಣ, ಳಗಳಲ್ಲಿ ನಾಲಿಗೆ ಒಳಗೆ ಮೇಲಕ್ಕೆ ಮಡಚುವುದರಿಂದ ಹೊರಗಿನಿಂದ ಏನೂ ಕಾಣುವುದಿಲ್ಲ; ಅವಕ್ಕಾಗಿ ಪ್ರತ್ಯೇಕ ಬಾಯಿ ಬಿಡಿಸುವ ಶ್ರಮ ಬೇಡ.

ಇನ್ನು ಕಾಲದ ಲೆಕ್ಕ. ಕನ್ನಡದಲ್ಲಿ ಹ್ರಸ್ವ-ದೀರ್ಘದ ಭೇದ ಅರ್ಥವನ್ನೇ ಬದಲಿಸುತ್ತದೆ, ಆದ್ದರಿಂದ ಅದು ಬಾಯಿಯಲ್ಲೂ ಕಾಣಬೇಕು. 'ಅಮ್ಮ' ಎಂಬ ಮಾತನ್ನು ಧ್ವನಿಮುದ್ರಿಸಿ, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಅಲೆಗಳನ್ನು ನೋಡಿ. ಸಹಜ ವೇಗದಲ್ಲಿ ಮೊದಲ ಅಕಾರಕ್ಕೆ ಎರಡು ಮೂರು ಫ್ರೇಮ್, ಒತ್ತಕ್ಷರದ ಮುಚ್ಚಿದ ತುಟಿಗೆ ಸುಮಾರು ನಾಲ್ಕು, ಕೊನೆಯ ಅಕಾರಕ್ಕೆ ಮೂರು ಎಂಬಂತೆ ಬರುತ್ತದೆ. 'ಕಮಲ' ಎಂಬಲ್ಲಿನ ಒಂಟಿ ಮಕಾರಕ್ಕೆ ಎರಡು ಫ್ರೇಮ್ ಸಾಕಾಗುತ್ತದೆ. ಒತ್ತಕ್ಷರದಲ್ಲಿ ತುಟಿಯನ್ನು ಇಷ್ಟು ಹೊತ್ತು ಮುಚ್ಚಿಡದೆ ಹೋದರೆ 'ಅಪ್ಪ', 'ಹಬ್ಬ', 'ಸುಮ್ಮನೆ' ಇವೆಲ್ಲ ಕಣ್ಣಿಗೆ ಬೇರೆ ಯಾವುದೋ ಮಾತಾಗಿ ಕಾಣುತ್ತವೆ. ತುಟಿ ಮುಚ್ಚುವ ಚಿತ್ರವನ್ನು ಧ್ವನಿಗಿಂತ ಒಂದೆರಡು ಫ್ರೇಮ್ ಮುಂಚೆಯೇ ಇಡಿ; ಧ್ವನಿಗಿಂತ ತಡವಾದ ಬಾಯನ್ನು ನೋಡುಗರು ಸಹಿಸುವುದಿಲ್ಲ.

ಬರೆದಿರುವ ಸಂಭಾಷಣೆಯನ್ನು ನೋಡಿ ಅನಿಮೇಟ್ ಮಾಡಬೇಡಿ, ಕೇಳಿಸುವುದನ್ನು ಅನಿಮೇಟ್ ಮಾಡಿ. ಕಾಗದದ ಮೇಲೆ 'ಹೋಗುತ್ತೇನೆ' ಎಂದಿದ್ದರೂ ಕಲಾವಿದೆ 'ಹೋಗ್ತೀನಿ' ಎಂದಿರುತ್ತಾಳೆ, ಧಾರವಾಡದವರಾದರೆ 'ಹೋಗ್ತೇನ್ರಿ' ಎಂದಿರುತ್ತಾರೆ. ಪ್ರತಿ ಅಕ್ಷರಕ್ಕೂ ಬಾಯಿ ಬದಲಿಸುವುದು ಬೇಡ. ಒಂದು ಪದದಲ್ಲಿ ಎದ್ದು ಕಾಣುವ ಎರಡು ಮೂರು ಆಕಾರಗಳನ್ನು ಹಿಡಿದು ಉಳಿದುದನ್ನು ಜಾರಿಸಿಬಿಡಿ. ಎಂಟು ಸೆಕೆಂಡಿನ ಒಂದು ಸಂಭಾಷಣೆಯನ್ನು, ಮನೆಯವರ ಯಾರದಾದರೂ ಧ್ವನಿಯಲ್ಲಿ, ಸಂಪೂರ್ಣವಾಗಿ ಮುಗಿಸುವುದು ಎರಡನೆಯ ವರ್ಷದ ಕೊನೆಯ ಪ್ರಾಜೆಕ್ಟ್ ಆಗಲಿ.

ಉಪಕರಣಗಳು

ಇದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಬ್ಲೆಂಡರ್, ಕ್ರಿಟಾ ಮತ್ತು 2016ರಿಂದ ಮುಕ್ತವಾಗಿ ಲಭ್ಯವಿರುವ ಓಪನ್‌ಟೂನ್ಸ್ ಇವು ಮೂರೂ ಉಚಿತ ತಂತ್ರಾಂಶಗಳು. ವಿದ್ಯಾರ್ಥಿ ದಿನಗಳ ಬಹುಪಾಲು ಕೆಲಸ ಇವುಗಳಲ್ಲೇ ಆಗುತ್ತದೆ. ಬ್ಲೆಂಡರಿನಲ್ಲಿ ತಯಾರಾದ, ಮಾತೇ ಇಲ್ಲದ ಲಾಟ್ವಿಯಾದ ಪೂರ್ಣಾವಧಿ ಚಿತ್ರವೊಂದಕ್ಕೆ 2025ರಲ್ಲಿ ಆಸ್ಕರ್ ಬಂದಿರುವುದರಿಂದ, ಉಚಿತ ತಂತ್ರಾಂಶವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಹಣ ಕೊಟ್ಟು ಪಡೆಯಬೇಕಾದ ಹಾರ್ಮನಿ, ಮಾಯಾ ಮೊದಲಾದ ತಂತ್ರಾಂಶಗಳನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತುಕೊಳ್ಳಿ, ಏಕೆಂದರೆ ಸ್ಟುಡಿಯೋಗಳು ಅವನ್ನು ಕೇಳುತ್ತವೆ. ಮೊದಲ ವರ್ಷಕ್ಕೆ ಕಾಗದ ಸರಿಯದಂತೆ ಹಿಡಿಯುವ ಪೆಗ್ ಬಾರ್ ಇರುವ, ಕೆಳಗಿನಿಂದ ಬೆಳಕು ಬೀರುವ ಒಂದು ಲೈಟ್ ಬಾಕ್ಸ್, ಒಂದು ರೀಮು ಕಾಗದ ಮತ್ತು ಮೊಬೈಲ್ ಕ್ಯಾಮೆರಾ ಸಾಕು.

ಐದನೆಯ ಹಂತ: ಒಂದು ಪ್ರದೇಶದ ಕಲೆಯಿಂದ ಕಲಿಯುವ ಪ್ರಾಜೆಕ್ಟ್

ಮೂರನೆಯ ವರ್ಷದಲ್ಲಿ ಒಂದು ಜನಪದ ಕಲಾಪ್ರಕಾರವನ್ನು ಅಧ್ಯಯನ ಮಾಡಿ ಚಿಕ್ಕ ಚಿತ್ರ ಮಾಡುವ ಕೆಲಸವನ್ನು ಹಲವು ವಿನ್ಯಾಸ ಶಾಲೆಗಳು ಕೊಡುತ್ತವೆ. ಕರ್ನಾಟಕದ ವಿದ್ಯಾರ್ಥಿಗೆ ತೊಗಲುಗೊಂಬೆಯಾಟ ಇದಕ್ಕೆ ಹೇಳಿ ಮಾಡಿಸಿದ ವಿಷಯ. ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದ ಮೇಲೆ ಈ ಕಲೆಯ ಕಡೆಗೆ ಒಂದಿಷ್ಟು ಗಮನ ಹರಿದಿದೆ. ಆದರೆ ಅನಿಮೇಷನ್ ವಿದ್ಯಾರ್ಥಿಗಳು ಬಹಳಷ್ಟು ಬಾರಿ ಇದರಿಂದ ತೆಗೆದುಕೊಳ್ಳುವುದು ಬಣ್ಣ ಮತ್ತು ಅಂಚಿನ ಚಿತ್ತಾರಗಳನ್ನು ಮಾತ್ರ, ಅಂದರೆ ಹೊರಗಿನ ಅಲಂಕಾರವನ್ನು. ನಾವು ಕಲಿಯಬೇಕಾದದ್ದು ಅದರ ಚಲನೆಯನ್ನು.

ತೊಗಲುಗೊಂಬೆಯನ್ನು ಹತ್ತಿರದಿಂದ ನೋಡಿ. ಹದಮಾಡಿದ ಚರ್ಮ ಬೆಳಕು ಹಾಯುವಷ್ಟು ತೆಳುವಾಗಿರುತ್ತದೆ. ಕೊರೆದ ರಂಧ್ರಗಳಿಂದ ಆಭರಣದ ಹೊಳಪು ಬರುತ್ತದೆ, ಬಣ್ಣಗಳು ಪರದೆಯ ಆಚೆಯಿಂದ ಉರಿಯುತ್ತವೆ. ರಾಜ, ದೇವತೆಗಳ ಗೊಂಬೆಗಳು ದೊಡ್ಡವು, ಸೇವಕರ ಗೊಂಬೆಗಳು ಚಿಕ್ಕವು. ಗಾತ್ರದಲ್ಲೇ ಪಾತ್ರದ ಅಂತಸ್ತು ತಿಳಿಯುತ್ತದೆ. ಕೀಲುಗಳು ಕಡಿಮೆ. ಒಂದು ಕೈ ಮಾತ್ರ ಅಲುಗುವ ಗೊಂಬೆಯೂ ಕೋಪವನ್ನು, ದುಃಖವನ್ನು, ಅವಸರವನ್ನು ತೋರಿಸಬಲ್ಲದು: ಕೋಲಿನ ನಡುಕದಿಂದ, ಓರೆಯಿಂದ, ಪರದೆಗೆ ಒತ್ತಿದಾಗಿನ ಸ್ಪಷ್ಟತೆಯಿಂದ, ಪರದೆಯಿಂದ ದೀಪದ ಕಡೆಗೆ ಸರಿದಾಗ ನೆರಳು ದೊಡ್ಡದಾಗಿ ಮಸುಕಾಗುವುದರಿಂದ. ಕೀಲುಗಳ ಸಂಖ್ಯೆ ಹೆಚ್ಚಿಸದೆ ಭಾವ ತೋರಿಸುವ ಈ ಜಾಣ್ಮೆ, ಕತ್ತರಿಸಿದ ಆಕೃತಿಗಳನ್ನು ಅಲುಗಿಸುವ ಕಟ್‌ಔಟ್ ಅನಿಮೇಷನ್ ಮಾಡುವ ಎಲ್ಲರಿಗೂ ಬೇಕಾದದ್ದು. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಕತ್ತರಿಸಿದ ಕಪ್ಪು ಆಕೃತಿಗಳಿಂದಲೇ ಪೂರ್ಣಾವಧಿ ಚಿತ್ರವನ್ನು ಮಾಡಿದ್ದರು. ನೆರಳನ್ನು ನಂಬಿ ಕೆಲಸ ಮಾಡುವ ದಾರಿ ಅನಿಮೇಷನ್‌ಗೆ ಹೊಸದಲ್ಲ.

ಪ್ರಾಜೆಕ್ಟನ್ನು ಹೀಗೆ ನಡೆಸಬಹುದು. ಮೊದಲ ವಾರ ಕಲಾವಿದರ ಊರಿಗೆ ಹೋಗಿ ಆಟ ನೋಡಿ. ಚಿತ್ರೀಕರಣಕ್ಕೆ ಮುಂಚಿತವಾಗಿ ಅನುಮತಿ ಕೇಳಿ, ಅವರ ದಿನದ ದುಡಿಮೆಗೆ ಸಲ್ಲಬೇಕಾದ ಸಂಭಾವನೆಯನ್ನು ಕೊಡಿ, ಅವರ ಹೆಸರನ್ನು ಚಿತ್ರದ ಕೃತಜ್ಞತೆಯಲ್ಲಿ ಹೇಗೆ ಬರೆಯಬೇಕೆಂದು ಅವರನ್ನೇ ಕೇಳಿ. ಎರಡನೆಯ ವಾರ ಮೂರೇ ಕೀಲುಗಳಿರುವ ಒಂದು ಆಕೃತಿಯನ್ನು ದಪ್ಪ ಕಾಗದದಲ್ಲಿ ಕತ್ತರಿಸಿ, ಗಾಜಿನ ಹಲಗೆಯ ಮೇಲೆ ಬಟರ್ ಪೇಪರ್ ಹಾಸಿ, ಕೆಳಗಿನಿಂದ ಎಲ್‌ಇಡಿ ದೀಪ ಹಚ್ಚಿ, ಮೇಲಿನಿಂದ ಕ್ಯಾಮೆರಾ ಇಟ್ಟು ಫ್ರೇಮ್ ಫ್ರೇಮಾಗಿ ಚಿತ್ರೀಕರಿಸಿ. ಆ ಆಕೃತಿ ಸಿಟ್ಟಾಗುವುದು, ಹೆದರುವುದು, ಏನನ್ನೋ ನೆನಪಿಸಿಕೊಳ್ಳುವುದು, ಈ ಮೂರೂ ಮುಖಭಾವದ ನೆರವಿಲ್ಲದೆಯೇ ಬರಬೇಕು. ನಂತರವೇ ಕಥೆ. ಇಪ್ಪತ್ತು ಮೂವತ್ತು ಸೆಕೆಂಡಿಗಿಂತ ಉದ್ದ ಬೇಡ. ಮುಗಿದ ಚಿತ್ರದ ಪ್ರತಿಯನ್ನು ಆ ಮನೆಗೆ ತಲುಪಿಸಿ ಬನ್ನಿ.

ಆರನೆಯ ಹಂತ: ಕಥೆ, ಮತ್ತು ಕಥೆಯ ಹಕ್ಕು

ಕನ್ನಡದ ಕಥೆ-ಕವಿತೆಗಳನ್ನು ಆಧರಿಸಿ ಚಿತ್ರ ಮಾಡುವ ಆಸೆ ಒಳ್ಳೆಯದು, ಆದರೆ ಹಕ್ಕಿನ ವಿಷಯವನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಭಾರತದ ಕಾನೂನಿನಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಮಕ್ಕಳ ಪದ್ಯಗಳನ್ನು ನೀವು ಯಾರನ್ನೂ ಕೇಳದೆ ಬಳಸಬಹುದು. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ ಅನುಮತಿ ಬೇಕು. ಜನಪದ ಕಥೆ ಎಲ್ಲರದು, ಆದರೆ ಸಂಗ್ರಾಹಕರು ಬರೆದ ನಿರೂಪಣೆ ಅವರದು. ಆದ್ದರಿಂದ ಅಜ್ಜಿಯಿಂದ ಕೇಳಿದಂತೆ ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. ಹಿನ್ನೆಲೆಗೆ ಸಿನಿಮಾ ಹಾಡನ್ನು ಹಾಕಿ ತರಗತಿಯಲ್ಲಿ ತೋರಿಸಿದ ಚಿತ್ರವನ್ನು ಮುಂದೆ ಯಾವ ಉತ್ಸವಕ್ಕೂ ಕಳಿಸಲಾಗದೆ ಒದ್ದಾಡಿದವರನ್ನು ಕಂಡಿದ್ದೇನೆ. ಸಂಗೀತವನ್ನು ಸ್ನೇಹಿತರಿಂದ ಮಾಡಿಸಿ, ಒಂದು ಪುಟದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ.

ಕಥೆ ಸಿದ್ಧವಾದ ಮೇಲೆ ಸ್ಟೋರಿಬೋರ್ಡನ್ನು, ಅಂದರೆ ಕಥೆಯನ್ನು ಶಾಟು ಶಾಟಾಗಿ ಬಿಡಿಸಿದ ಚಿತ್ರಗಳ ಸಾಲನ್ನು, ಕಾಲದ ಅಳತೆಗೆ ಜೋಡಿಸಿ, ತಾತ್ಕಾಲಿಕ ಧ್ವನಿ ಸೇರಿಸಿ ಅನಿಮ್ಯಾಟಿಕ್ ಮಾಡಿ. ಅದನ್ನು ಕಥೆ ಗೊತ್ತಿಲ್ಲದ ಮೂವರಿಗೆ ತೋರಿಸಿ. ತೋರಿಸುವಾಗ ನೀವು ಒಂದು ಮಾತೂ ಆಡಬಾರದು. ಮುಗಿದ ಮೇಲೆ ಕಥೆಯನ್ನು ಅವರ ಬಾಯಿಂದಲೇ ಕೇಳಿ, ಅವರು ತಡವರಿಸಿದ ಜಾಗವನ್ನು ಗುರುತು ಮಾಡಿಕೊಳ್ಳಿ. ಮೂವರೂ ಒಂದೇ ಕಡೆ ತಡವರಿಸಿದ್ದರೆ ತಪ್ಪು ಆ ಶಾಟಿನಲ್ಲಿ ಇರುವುದಕ್ಕಿಂತ ಅದರ ಹಿಂದಿನ ಶಾಟಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಇಲ್ಲಿ ಒಂದು ಶಾಟನ್ನು ತೆಗೆದುಹಾಕಲು ಹತ್ತು ನಿಮಿಷ ಸಾಕು. ಅದೇ ಶಾಟು ಬಣ್ಣ ಹಚ್ಚಿ ಮುಗಿದ ಮೇಲೆ ತೆಗೆದರೆ ಎರಡು ವಾರದ ಕೆಲಸ ಹೋದಂತೆ.

ಏಳನೆಯ ಹಂತ: ಡಿಪ್ಲೊಮಾ ಚಿತ್ರದ ಲೆಕ್ಕ

ಈಗ ಮೊದಲ ಪ್ಯಾರಾದ ಎಣಿಕೆಗೆ ಹಿಂದಿರುಗೋಣ. ನಿಮ್ಮ ಡಿಪ್ಲೊಮಾ ಚಿತ್ರ, ಅಂದರೆ ಕೋರ್ಸಿನ ಅಂತಿಮ ಚಿತ್ರ, ಎರಡು ನಿಮಿಷದ್ದು, ಕೈಯಿಂದ ಬಿಡಿಸುವಂಥದು, 25 ಶಾಟುಗಳದ್ದು ಎಂದಿಟ್ಟುಕೊಳ್ಳಿ. ಫ್ರೇಮ್‌ಗಳು 2880, ಟೂಸ್‌ನಲ್ಲಿ 1440 ಚಿತ್ರ. ಪಾತ್ರ ಅಲುಗದೆ ನಿಲ್ಲುವ ಶಾಟುಗಳನ್ನೂ ಮರಳಿ ಬಳಸಬಹುದಾದ ನಡಿಗೆಯ ಆವರ್ತಗಳನ್ನೂ ಕಳೆದರೆ ಸುಮಾರು 700 ಚಿತ್ರಗಳನ್ನು ನಿಜವಾಗಿ ಬಿಡಿಸಬೇಕಾಗುತ್ತದೆ. ಅಂತಿಮ ರೇಖೆಯಲ್ಲಿ ದಿನಕ್ಕೆ 15 ಬಿಡಿಸಿದರೆ 47 ದಿನ. ಬಣ್ಣ ದಿನಕ್ಕೆ 30 ಚಿತ್ರಗಳಿಗೆ ಆದರೆ 24 ದಿನ. ಹಿನ್ನೆಲೆ ದಿನಕ್ಕೊಂದರಂತೆ 25 ದಿನ. ಒಟ್ಟು 96 ದಿನ. ವಾರಕ್ಕೆ ಆರು ದಿನ ದುಡಿದರೆ 16 ವಾರ. ಆರು ತಿಂಗಳ ಅವಧಿಯ 26 ವಾರಗಳಲ್ಲಿ ಕಥೆ, ಸ್ಟೋರಿಬೋರ್ಡ್ ಮತ್ತು ಅನಿಮ್ಯಾಟಿಕ್‌ಗೆ 5 ವಾರ, ನಿರ್ಮಾಣಕ್ಕೆ 16, ಧ್ವನಿ ಮತ್ತು ಸಂಕಲನಕ್ಕೆ 3 ಹೋದರೆ ಉಳಿಯುವುದು 2 ವಾರ. ಜ್ವರಕ್ಕೂ ಹಬ್ಬಕ್ಕೂ ಕರೆಂಟು ಹೋಗುವುದಕ್ಕೂ ಆ ಎರಡು ವಾರ ಬೇಕೇ ಬೇಕು.

ಮೇಲಿನ ಸಂಖ್ಯೆಗಳನ್ನು ಹಾಗೆಯೇ ತೆಗೆದುಕೊಳ್ಳಬೇಡಿ. ನೀವು ದಿನಕ್ಕೆ ಎಷ್ಟು ಬಿಡಿಸಬಲ್ಲಿರಿ ಎಂಬುದನ್ನು ಒಂದು ಇಡೀ ಶಾಟನ್ನು ಬಣ್ಣದವರೆಗೆ ಮುಗಿಸಿ ಅಳೆದುಕೊಳ್ಳಿ. ಮಾರ್ಗದರ್ಶಕರ ಬಳಿಗೆ ಆ ಅಳತೆಯೊಂದಿಗೇ ಹೋಗಿ. ಲೆಕ್ಕ ಮೀರುತ್ತಿದ್ದರೆ ಚಿತ್ರದ ಗುಣಮಟ್ಟ ಇಳಿಸುವುದಕ್ಕಿಂತ ಶಾಟುಗಳನ್ನು ಕಡಿಮೆ ಮಾಡುವುದು ಮೇಲು. ಮೂರೂವರೆ ನಿಮಿಷದ ಅಪೂರ್ಣ ಚಿತ್ರಕ್ಕಿಂತ ತೊಂಬತ್ತು ಸೆಕೆಂಡಿನ ಪೂರ್ಣ ಚಿತ್ರವನ್ನು ನಾನು ಯಾವಾಗಲೂ ಆರಿಸಿಕೊಳ್ಳುತ್ತೇನೆ. ಕೆಲಸವನ್ನು ಕಥೆಯ ಕ್ರಮದಲ್ಲಿ ಮಾಡದೆ, ಮಧ್ಯದ ಶಾಟುಗಳಿಂದ ಆರಂಭಿಸಿ. ಕೈ ಪಳಗಿದ ಮೇಲೆ ಮೊದಲ ಮತ್ತು ಕೊನೆಯ ಶಾಟುಗಳನ್ನು ಮಾಡಿದರೆ ನೋಡುಗರ ನೆನಪಿನಲ್ಲಿ ಉಳಿಯುವ ಭಾಗಗಳು ನಿಮ್ಮ ಅತ್ಯುತ್ತಮ ಕೆಲಸವಾಗಿರುತ್ತವೆ.

ಕಡತಗಳಿಗೆ ಶಾಟಿನ ಸಂಖ್ಯೆ, ಹಂತ, ಆವೃತ್ತಿ ಈ ಮೂರೂ ಇರುವ ಹೆಸರಿಡಿ. 'ಫೈನಲ್', 'ಫೈನಲ್ ಹೊಸದು' ಎಂಬ ಹೆಸರುಗಳಿಂದ ಹಳೆಯ ಆವೃತ್ತಿಯ ಮೇಲೆ ದಿನಗಟ್ಟಲೆ ಕೆಲಸ ಮಾಡಿದವರಿದ್ದಾರೆ. ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿರಲಿ. ನನ್ನ ವಿದ್ಯಾರ್ಥಿ ದಿನಗಳಲ್ಲಿ ಒಂದೇ ಹಾರ್ಡ್ ಡಿಸ್ಕ್ ನಂಬಿ ಹನ್ನೊಂದು ಶಾಟುಗಳನ್ನು ಕಳೆದುಕೊಂಡೆ. ಕಾಗದದ ಮೇಲೆ ಬಿಡಿಸಿದ್ದ ಮೂಲ ಚಿತ್ರಗಳು ಟ್ರಂಕಿನಲ್ಲಿದ್ದುದರಿಂದ ಮತ್ತೆ ಸ್ಕ್ಯಾನ್ ಮಾಡಿ ಅಷ್ಟಿಷ್ಟು ಉಳಿಸಿಕೊಂಡೆ, ಬಣ್ಣದ ಕೆಲಸ ಪೂರ್ತಿ ಹೋಯಿತು.

ಎಂಟನೆಯ ಹಂತ: ಶೋರೀಲ್, ಇಂಟರ್ನ್‌ಶಿಪ್, ಉತ್ಸವ

ಶೋರೀಲ್, ಅಂದರೆ ನಿಮ್ಮ ಆಯ್ದ ಕೆಲಸಗಳ ಚಿಕ್ಕ ವಿಡಿಯೊ, 60ರಿಂದ 90 ಸೆಕೆಂಡ್ ಇರಲಿ. ಅತ್ಯುತ್ತಮ ಶಾಟನ್ನು ಮೊದಲಿಗೇ ಇಡಿ. ಹೆಸರು ತಿರುಗುತ್ತಾ ಬರುವ ಹತ್ತು ಸೆಕೆಂಡಿನ ಆರಂಭವನ್ನು ಆಯ್ಕೆ ಮಾಡುವವರು ದಾಟಿಸಿಬಿಡುತ್ತಾರೆ. ಗುಂಪಿನ ಪ್ರಾಜೆಕ್ಟ್ ಆಗಿದ್ದರೆ ಪ್ರತಿ ಶಾಟಿನ ಕೆಳಗೆ ನೀವು ಮಾಡಿದ್ದೇನೆಂದು, ಲೇಔಟ್ (ಶಾಟಿನ ಜೋಡಣೆ), ಕ್ಲೀನಪ್ (ರೇಖೆ ತಿದ್ದುವುದು), ರಿಗ್ಗಿಂಗ್ (ಪಾತ್ರಕ್ಕೆ ಕೀಲು ಜೋಡಿಸುವುದು), ಕಾಂಪೋಸಿಟಿಂಗ್ (ಪದರಗಳನ್ನು ಕೂಡಿಸುವುದು) ಎಂದು, ಸ್ಪಷ್ಟವಾಗಿ ಬರೆಯಿರಿ. ಶೋರೀಲ್ ಜೊತೆಗಿನ ಪೋರ್ಟ್‌ಫೋಲಿಯೊದಲ್ಲಿ ಸಂತೆಯ ಸ್ಕೆಚ್‌ಗಳು, ತಿರಸ್ಕರಿಸಿದ ಪಾತ್ರವಿನ್ಯಾಸಗಳು, ಎಕ್ಸ್‌ಪೋಷರ್ ಶೀಟಿನ ಒಂದು ಪುಟ ಇವೂ ಇರಲಿ. ಯೋಚನೆಯ ದಾರಿಯನ್ನು ತೋರಿಸುವುದು ಅವೇ.

ಕರ್ನಾಟಕ ಸರ್ಕಾರ 2012ರಲ್ಲೇ ಅನಿಮೇಷನ್, ವಿಶುವಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್‌ಗೆ ಪ್ರತ್ಯೇಕ ನೀತಿಯನ್ನು ತಂದಿತ್ತು, ಬೆಂಗಳೂರಿನಲ್ಲಿ ಈ ಉದ್ಯಮಕ್ಕೆ ಗಟ್ಟಿ ನೆಲೆ ಇದೆ. ಇಲ್ಲಿ ನಡೆಯುವ ಗ್ಯಾಫ್‌ಎಕ್ಸ್ ಸಮ್ಮೇಳನಕ್ಕೆ ಮೂರನೆಯ ವರ್ಷದಿಂದಲೇ ಹೋಗಿ, ಸ್ಟುಡಿಯೋಗಳ ಕಲಾವಿದರಿಗೆ ಕೆಲಸ ತೋರಿಸಿ. ಇಂಟರ್ನ್‌ಶಿಪ್ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಸ್ಟೈಪೆಂಡ್ ಎಷ್ಟು, ಎಷ್ಟು ಗಂಟೆಗಳ ಕೆಲಸ, ಬಿಡುಗಡೆಯಾದ ಮೇಲೆ ನಿಮ್ಮ ಶಾಟುಗಳನ್ನು ಶೋರೀಲಿನಲ್ಲಿ ಬಳಸಬಹುದೇ, ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಉತ್ಸವಗಳಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ 'ಚಿತ್ರಕಥಾ' ವಿದ್ಯಾರ್ಥಿಗಳ ಚಿತ್ರಗಳಿಗಾಗಿಯೇ ಇರುವಂಥದು. ಫ್ರಾನ್ಸಿನ ಆನ್ಸಿ ಉತ್ಸವದಲ್ಲಿ ಪದವಿ ಚಿತ್ರಗಳಿಗೆ ಪ್ರತ್ಯೇಕ ಸ್ಪರ್ಧಾ ವಿಭಾಗವಿದೆ. ಚಿತ್ರವನ್ನು ಯೂಟ್ಯೂಬಿಗೆ ಹಾಕುವ ಮುನ್ನ ನೀವು ಕಳಿಸಬೇಕೆಂದಿರುವ ಉತ್ಸವಗಳ ನಿಯಮಗಳನ್ನು ಓದಿ, ಏಕೆಂದರೆ ಮೊದಲೇ ಸಾರ್ವಜನಿಕವಾಗಿ ಬಿಡುಗಡೆಯಾದ ಚಿತ್ರಗಳನ್ನು ಕೆಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ಸಂಭಾಷಣೆ ಕನ್ನಡದಲ್ಲೇ ಇರಲಿ, ಇಂಗ್ಲಿಷ್ ಸಬ್‌ಟೈಟಲ್ ಪ್ರತ್ಯೇಕ ಕಡತವಾಗಿರಲಿ. ಅದನ್ನು ಚಿತ್ರ ಮುಗಿದ ವಾರದಲ್ಲೇ, ಪ್ರತಿ ಮಾತೂ ಕಿವಿಯಲ್ಲಿರುವಾಗಲೇ ಬರೆದು, ಇನ್ನೊಬ್ಬರಿಂದ ಓದಿಸಿ, ಚಿತ್ರದ ಮೂಲ ಕಡತಗಳು, ಸಂಗೀತದ ಒಪ್ಪಿಗೆ ಪತ್ರ ಮತ್ತು ದುಡಿದ ಎಲ್ಲರ ಹೆಸರಿನ ಪಟ್ಟಿಯ ಜೊತೆ ಒಂದೇ ಕಡೆ ಇಟ್ಟುಬಿಡಿ.